ಬೆಲ್ಲ ಒಂದು ಚೂರು ಜಾಸ್ತಿ

ಬಸವನಗುಡಿ, ಬೆಂಗಳೂರು
೫-೪-೧೯೫೦

ಪೂಜ್ಯ ಅತ್ತೆಯವರಿಗೆ,

ಸೊಸೆ ಸುಂದರಮ್ಮನ ನಮಸ್ಕಾರಗಳು. ಮಾವನವರಿಗೂ ನಮಸ್ಕಾರ. ಈ ಕಾಗದವನ್ನು ನಿಮಗೆ ಓದಿ ಹೇಳುವವರು ಅವರೇ ಆದ್ದರಿಂದ ಅವರಿಗೆ ಇನ್ನೊಂದು ನಮಸ್ಕಾರ ಹೆಚ್ಚಿಗೆ. ಮೇಷ್ಟರಾಗಿದ್ದವರು, ನಡುನಡುವೆ ತಪ್ಪು ತಿದ್ದುತ್ತ ಕೂತರೆ ಓದು ಮುಗಿಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿಬಿಡಲಿ.

ನೀವು ರೈಲು ಹತ್ತಿದ ಮೇಲೆ ನಿಮ್ಮ ಮಗ ಮನೆ ಮುಟ್ಟುವವರೆಗೂ ಗೊಣಗುತ್ತಲೇ ಬಂದರು. ಬೇಸಿಗೆಯಲ್ಲಿ ಕಾಶಿಗೆ ಯಾರು ಹೋಗುತ್ತಾರೆ, ಆ ಬಿಸಿಲಿಗೆ ಅಮ್ಮ ತಡೆಯುತ್ತಾಳೆಯೇ ಎಂದು ಅವರ ಚಿಂತೆ. ಹಳೆಯ ಮೇಷ್ಟರುಗಳ ತಂಡ ಹೊರಟದ್ದೇ ಈಗ, ಏನು ಮಾಡುವುದು ಎಂದು ನಾನೇ ಸಮಾಧಾನ ಹೇಳಿದೆ. ವಿಶಾಲು, ಬದರಿ, ಪದ್ದು ಮೂವರೂ ಚೆನ್ನಾಗಿದ್ದಾರೆ. ಪದ್ದು ಮಾತ್ರ ರಾತ್ರಿ ಅಜ್ಜಿಯ ಹಾಸಿಗೆಯೇ ಬೇಕೆಂದು ಹಟ ಮಾಡಿ ಅಲ್ಲೇ ಮಲಗುತ್ತಾಳೆ.

ಮಾರನೆಯ ಬೆಳಿಗ್ಗೆ ಒಂದು ತಮಾಷೆ ನಡೆಯಿತು. ಲಕ್ಕಮ್ಮ ಯಡಿಯೂರಿನಿಂದ ತರಕಾರಿ ಬುಟ್ಟಿ ಹೊತ್ತು ಬಂದು ಜಗಲಿಯ ಮೇಲೆ ಇಳಿಸಿದಳು. ನಾನು ಅಭ್ಯಾಸಬಲದಿಂದ ಒಳಗೆ ತಿರುಗಿ, "ಅತ್ತೆ, ಇವತ್ತೇನು ಅಡಿಗೆ?" ಎಂದು ಕೂಗಿಬಿಟ್ಟೆ. ಹದಿನೇಳು ವರ್ಷದಿಂದ ದಿನಾ ಕೇಳಿದ ಮಾತು, ಬಾಯಿ ತಾನಾಗಿಯೇ ಕೇಳಿತು. ಲಕ್ಕಮ್ಮ ಸೊಂಟ ಹಿಡಿದುಕೊಂಡು ನಕ್ಕಳು. "ಯಾರನ್ನ ಕೇಳ್ತೀಯವ್ವಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ನೀನೇ ಹೇಳ್ಬೇಕು" ಎಂದಳು.

ನಾನು ಹೇಳಲಾರದೆ ಹೋದೆ ಅತ್ತೆ. ಬೆಂಡೆಕಾಯಿ ಮುರಿದು ನೋಡಿದೆ, ಹೀರೇಕಾಯಿ ಎತ್ತಿ ಇಟ್ಟೆ, ಎಳೆ ಸೌತೆಕಾಯಿ ಮೂಸಿದೆ. ಲಕ್ಕಮ್ಮನಿಗೆ ಬೇಜಾರಾಗಿ ಎಲೆಯಡಿಕೆ ತೆಗೆದಳು. ಕೊನೆಗೆ ನೀವು ಇದ್ದಿದ್ದರೆ ಏನು ಕೊಳ್ಳುತ್ತಿದ್ದಿರೋ ಅದನ್ನೇ, ಹುರುಳಿಕಾಯಿಯನ್ನೇ, ಕೊಂಡೆ. ನೀವು ಹೇಳುವ ಹಾಗೆಯೇ ಸಣ್ಣಗೆ ಹೆಚ್ಚಿ, ನೀವು ಹೇಳುವ ಹಾಗೆಯೇ ಒಗ್ಗರಣೆ ಹಾಕಿದೆ. "ಅಜ್ಜಿ ಊರಲ್ಲಿಲ್ಲ ಅಂತ ಗೊತ್ತೇ ಆಗ್ಲಿಲ್ಲ" ಎಂದಳು ವಿಶಾಲು. ನನಗೆ ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

ಹಿತ್ತಲಿನಲ್ಲಿ ನಾನು ಹಬ್ಬಿಸಿದ ಹಾಗಲ ಚಪ್ಪರದಲ್ಲಿ ಕಾಯಿ ಬಿಡುತ್ತಿವೆ. ನೀವು ಹೊರಡುವಾಗ ಹೂವಿತ್ತು, ಈಗ ಬೆರಳುದ್ದವಾಗಿವೆ.

ಗಂಗೆಯ ಮೆಟ್ಟಿಲು ಜಾರುತ್ತವಂತೆ. ಮಾವನವರ ಕೈ ಹಿಡಿದುಕೊಂಡೇ ಇಳಿಯಿರಿ. ನೋಡಿದವರು ನಕ್ಕರೆ ನಗಲಿ.

ನಿಮ್ಮ
ಸುಂದರಮ್ಮ

•

ಕಾಶಿ, ಹನುಮಾನ್ ಘಾಟಿನ ಛತ್ರ
೧೨-೪-೧೯೫೦

ಚಿ. ಸೌ. ಸುಂದರಮ್ಮನಿಗೆ ಆಶೀರ್ವಾದಗಳು.

ನಿನ್ನ ಪತ್ರವು ತಲುಪಿತು. ತಪ್ಪು ತಿದ್ದಬಾರದೆಂದು ಸೂಚಿಸಿದ್ದೀಯೆ. ಎರಡು ಕಡೆ ಮಾತ್ರ ತಿದ್ದಿರುತ್ತೇನೆ. ಈ ಕೆಳಗಿನದು ನಿನ್ನ ಅತ್ತೆ ಹೇಳಿದ್ದು, ನಾನು ಬರೆದದ್ದು. ಅವಳು ಹೇಳುವುದು ಬಹಳ, ನಾನು ಸಾರಾಂಶವನ್ನು ತೆಗೆದುಕೊಳ್ಳುತ್ತೇನೆ.

ನಾವು ಕ್ಷೇಮ. ಸೆಕೆ ವಿಪರೀತ. ಗಂಗಾಸ್ನಾನ ನಿತ್ಯವೂ ನಡೆಯುತ್ತಿದೆ. ಛತ್ರದ ಅಡುಗೆ ಭಟ್ಟನು ಎಲ್ಲಕ್ಕೂ ಆಲೂಗೆಡ್ಡೆಯನ್ನೇ ಹಾಕುತ್ತಾನೆ. ನಿನ್ನ ಅತ್ತೆ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಅವನಿಗೆ ಹುಳಿ ಮಾಡುವ ಕ್ರಮವನ್ನು ಬೋಧಿಸಲು ಹೋಗಿ, ಇಬ್ಬರಿಗೂ ಭಾಷೆ ಬಾರದ ಕಾರಣ ದೊಡ್ಡ ಗಲಾಟೆಯಾಯಿತು.

ಹುರುಳಿಕಾಯಿಗೆ ಕಾಯಿತುರಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಾಕತಕ್ಕದ್ದು. ಹುಣಿಸೆಹಣ್ಣಿನ ಜಾಡಿಯ ಮುಚ್ಚಳಕ್ಕೆ ಬಟ್ಟೆ ಕಟ್ಟತಕ್ಕದ್ದು. ಬೀಟ್‌ರೂಟ್ ಮೊದಲಾದ ಸೀಮೆ ತರಕಾರಿಗಳನ್ನು ಒಳಗೆ ತರಕೂಡದು. ಬದರಿಗೆ ತರಕಾರಿ ಸೇರದು, ಅವನನ್ನು ಬಲವಂತ ಮಾಡಿ ಪ್ರಯೋಜನವಿಲ್ಲ, ತುಪ್ಪ ಹಾಕಿ ಸಾರನ್ನ ಕೊಟ್ಟು ಎಬ್ಬಿಸುವುದು. ಲಕ್ಕಮ್ಮನಿಗೆ ಗಾದೆಗಳನ್ನು ಕಡಿಮೆ ಮಾಡಿ ತರಕಾರಿಯನ್ನು ಬಾಡದಂತೆ ತರಲು ಹೇಳುವುದು.

ಪದ್ದು ಮಲಗುವಾಗ ದುಪ್ಪಟಿಯ ತುದಿಯನ್ನು ಕೈಗೆ ಕೊಡಬೇಕಂತೆ.

ಇತಿ ಆಶೀರ್ವಾದಗಳು,
ಸೂರಪ್ಪ

•

ಬಸವನಗುಡಿ
೨೦-೪-೧೯೫೦

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಮಾವನವರ ಸಾರಾಂಶ ಬಂದು ತಲುಪಿತು. ದುಪ್ಪಟಿಯ ತುದಿ ಕೊಟ್ಟ ರಾತ್ರಿಯಿಂದ ಪದ್ದು ತಂಟೆಯಿಲ್ಲದೆ ಮಲಗುತ್ತಾಳೆ. ಇದನ್ನು ನೀವು ಮೊದಲೇ ಹೇಳಿದ್ದರೆ ಹತ್ತು ರಾತ್ರಿ ನನ್ನ ನಿದ್ದೆ ಉಳಿಯುತ್ತಿತ್ತು!

ಇಲ್ಲಿ ಮನೆಯೆಲ್ಲ ಗದ್ದಲ. ಶಾಲೆಗೆ ರಜ ಬಂತು, ಮೂವರೂ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ. ಸುಮ್ಮನೆ ಬಿಟ್ಟರೆ ಹೆಂಚು ಹಾರಿಸುತ್ತಾರೆಂದು ನಾನೊಂದು ಉಪಾಯ ಮಾಡಿದೆ. ದಿನಕ್ಕೊಬ್ಬರ ಸರದಿ. ಸರದಿ ಬಂದವರು ಲಕ್ಕಮ್ಮನ ಬುಟ್ಟಿಯಿಂದ ತರಕಾರಿ ಆರಿಸಬೇಕು, ತೊಳೆಯಬೇಕು, ಬಿಡಿಸಬೇಕು, ಮಧ್ಯಾಹ್ನ ಎಲ್ಲರಿಗೂ ಬಡಿಸಬೇಕು. ತಾವು ಆರಿಸಿದ್ದನ್ನು ತಾವು ತಿನ್ನದೆ ಬಿಡುವ ಹಾಗಿಲ್ಲ. ವಿಶಾಲು ಮೊದಲ ದಿನ ಗೋರಿಕಾಯಿ ಆರಿಸಿದಳು, ನಾರು ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು. ಪದ್ದು ಎಲ್ಲಕ್ಕಿಂತ ದೊಡ್ಡದಿದ್ದ ಕುಂಬಳಕಾಯಿ ಆರಿಸಿ ಅಪ್ಪಿಕೊಂಡು ಕೂತಳು. ಬದರಿಯ ಸರದಿಯ ದಿನ ಏನು ಬಂತೆಂದು ನಾನು ಹೇಳುವುದಿಲ್ಲ. ಕೆಂಪಗಿತ್ತು. ಒಳಗೆ ತರಲಿಲ್ಲ, ಹಿತ್ತಲಲ್ಲಿ ಇದ್ದಿಲ ಒಲೆಯ ಮೇಲೆ ಬೇಯಿಸಿದೆ. ಅವನ ಅಂಗಿಯ ಕಲೆ ಇನ್ನೂ ಹೋಗಿಲ್ಲ. ಆದರೆ ಅತ್ತೆ, ಹತ್ತು ವರ್ಷದ ಆ ಹುಡುಗ ಅನ್ನಕ್ಕೆ ಕಲಸಿ ಎರಡು ಸಲ ಹಾಕಿಸಿಕೊಂಡ! ತಾನೇ ಆರಿಸಿದ್ದಲ್ಲವೇ?

ರೇಷನ್ ಅಕ್ಕಿಯನ್ನು ಸಂಡಿಗೆಗೆ ಸುರಿಯುವಂತಿಲ್ಲವೆಂದು ಈ ವರ್ಷ ಬೂದುಗುಂಬಳಕಾಯಿಯಲ್ಲೇ ಇಟ್ಟೆ. ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಎಲ್ಲರೂ ಕೂತು ಇಟ್ಟೆವು. ಪಕ್ಕದ ಮನೆಯ ಗುರುಬಸಮ್ಮನವರೂ ಬಂದು ಕೈ ಹಾಕಿದರು. ಅವರ ಯಜಮಾನರು ಮಾಮೂಲ್‌ಪೇಟೆಯ ಅಂಗಡಿಯಿಂದ ಬರುವವರೆಗೆ ಅವರಿಗೂ ಹೊತ್ತು ಹೋಗಬೇಕಲ್ಲ. ಕಾಗೆ ಕಾಯಲು ಮಾವನವರ ಕೊಡೆ ಬಿಚ್ಚಿ ನಿಲ್ಲಿಸಿದ್ದೇವೆ. ಕಾಗೆಗಳು ಕೊಡೆಯ ಮೇಲೇ ಕೂರುತ್ತವೆ.

ಮೊನ್ನೆ ಹಾಗಲಕಾಯಿ ಗೊಜ್ಜು ಮಾಡಿದೆ, ನಮ್ಮ ಚಪ್ಪರದ್ದೇ. ಬಿಲ್ಲೆ ಹೆಚ್ಚಿ, ಉಪ್ಪು ಹಾಕಿ ಹಿಂಡಿ, ಎಣ್ಣೆಯಲ್ಲಿ ಹುರಿದು, ಹುಣಿಸೆಹುಳಿ, ಬೆಲ್ಲ, ಕೊನೆಗೆ ಹುರಿದ ಎಳ್ಳಿನ ಪುಡಿ. ಒಲೆಯ ಮುಂದೆ ಕೂತಾಗ ನಿಮ್ಮ ಧ್ವನಿ ಕಿವಿಯಲ್ಲೇ ಇತ್ತು. "ಬೆಲ್ಲ ಒಂದು ಚೂರು ಜಾಸ್ತಿ ಆಯ್ತು. ಮಕ್ಕಳಿಗೆ ಬೇಡ, ಕೆಮ್ಮು ಬರತ್ತೆ. ತಾ ಇಲ್ಲಿ, ದಂಡವಾಗಬಾರದು, ನಾನೇ ಮುಗಿಸ್ತೀನಿ." ಮಾಡಿದಾಗಲೆಲ್ಲ ಇದೇ ಮಾತು. ನನ್ನ ಕೈ ತಪ್ಪಿಗೆ ಪಾಪ ನೀವು ಪಾತ್ರೆಯ ತಳ ಬಳಿಯಬೇಕಾಗುತ್ತಿತ್ತು. ಮೊನ್ನೆ ಬೆಲ್ಲ ಕಡಿಮೆ ಹಾಕಿದೆ. ಯಾಕೋ ಗೊಜ್ಜು ಸಪ್ಪೆಯಾಗಿ ಉಳಿದುಹೋಯಿತು.

ಇನ್ನೊಂದು ಮಾತು ಹೇಳುತ್ತೇನೆ, ಕೋಪ ಮಾಡಬೇಡಿ. ಈಗ ಬೆಳಿಗ್ಗೆ ಎದ್ದ ಕೂಡಲೆ ಮೂವರೂ ನನ್ನ ಸೆರಗು ಹಿಡಿದು, "ಅಮ್ಮಾ, ಇವತ್ತೇನಮ್ಮಾ ಅಡಿಗೆ?" ಎನ್ನುತ್ತಾರೆ. ನಿಮ್ಮ ಮಗ ಅಠಾರಾ ಕಚೇರಿಗೆ ಹೊರಡುವ ಮುನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಆ ಮಾತು ಕೇಳಿಸಿಕೊಳ್ಳುವುದು ಎಷ್ಟು ಚೆನ್ನಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ನಿಮ್ಮ
ಸುಂದರಮ್ಮ

•

ಕಾಶಿ
೨೮-೪-೧೯೫೦

ಚಿ. ಸೌ. ಸುಂದರಮ್ಮನಿಗೆ ಆಶೀರ್ವಾದಗಳು.

ನಿನ್ನ ದೀರ್ಘ ಪತ್ರವನ್ನು ಓದಿ ಹೇಳಿದೆನು. ನನ್ನ ಕೊಡೆಯನ್ನು ಕಾಗೆಗಳಿಗೆ ಆಸನ ಮಾಡಿದ್ದು ನನಗೆ ಸಂತೋಷದ ವಿಷಯವಲ್ಲ.

ನಿನ್ನ ಅತ್ತೆ ಗೋಡೆಯ ಕಡೆ ತಿರುಗಿ ಕುಳಿತು ಕೇಳಿಸಿಕೊಂಡಳು. ಬಿಸಿಲಿನ ಆಯಾಸವಿರಬಹುದು. ಸಂಜೆ ಹೇಳಿದ್ದು ಇಷ್ಟು: ಕೆಂಪು ತರಕಾರಿ ಯಾವುದೆಂದು ತಿಳಿಯದಷ್ಟು ತಾನು ದಡ್ಡಿಯಲ್ಲ. ಇದ್ದಿಲ ಒಲೆಯನ್ನು ಗೋಮಯದಿಂದ ಸಾರಿಸಿ ಒಣಗಿಸಿಡುವುದು. ತರಕಾರಿ ಆರಿಸುವುದು ಮಕ್ಕಳಾಟಿಕೆಯಲ್ಲ. ಒಲೆಯನ್ನು ನಿನಗೆ ಒಪ್ಪಿಸಿದ್ದು ಈ ಯಾತ್ರೆಯ ಮಟ್ಟಿಗೆ ಮಾತ್ರ. ತಾನು ವಾಪಸು ಬಂದ ನಂತರ ಎಲ್ಲವೂ ಯಥಾಪ್ರಕಾರ.

ಬದರಿ ಎರಡು ಸಲ ಹಾಕಿಸಿಕೊಂಡದ್ದು ನಿಜವೇ ಎಂದು ಮತ್ತೆ ಮತ್ತೆ ಕೇಳಿದಳು. ಆ ಭಾಗವನ್ನು ಮೂರು ಸಲ ಓದಿದೆನು.

ಮುಂದಿನ ತಿಂಗಳ ಮಧ್ಯದಲ್ಲಿ ಗಯೆಗೆ ಹೋಗಿ ಪಿತೃಕಾರ್ಯ ಮುಗಿಸಿ ಪುನಃ ಇಲ್ಲಿಗೇ ಬರುತ್ತೇವೆ.

ಸೂರಪ್ಪ

•

ಬಸವನಗುಡಿ
೪-೫-೧೯೫೦

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಒಲೆ ಸಾರಿಸಿ ಒಣಗಿಸಿಟ್ಟಿದ್ದೇನೆ. ಎಲ್ಲವೂ ಯಥಾಪ್ರಕಾರ ಎಂಬುದನ್ನೂ ಓದಿಕೊಂಡೆ. ಆ ಪದ ಮಾವನವರದೋ ನಿಮ್ಮದೋ ತಿಳಿಯಲಿಲ್ಲ. ಒಂದು ದಿನ ಮನಸ್ಸು ಭಾರವಾಗಿತ್ತು. ಆಮೇಲೆ ಬೈದದ್ದನ್ನು ಬಿಟ್ಟು ಕೊನೆಯ ಮಾತು ನೆನೆದುಕೊಂಡೆ, ಬದರಿಯ ವಿಷಯ ಮೂರು ಸಲ ಓದಿಸಿಕೊಂಡಿರಿ ಎನ್ನುವುದನ್ನು. ಅಜ್ಜಿಯಲ್ಲವೇ.

ಮೊನ್ನೆ ಹುಣ್ಣಿಮೆಯ ರಾತ್ರಿ ಎಲ್ಲರೂ ತಾರಸಿಯ ಮೇಲೆ ಊಟ ಮಾಡಿದೆವು. ದೊಡ್ಡ ಹರಿವಾಣದಲ್ಲಿ ಬಿಸಿ ಅನ್ನಕ್ಕೆ ತರಕಾರಿ ಹುಳಿ ಕಲಸಿ ನಡುವೆ ಇಟ್ಟುಕೊಂಡು ಕೂತೆ. ಸುತ್ತ ಮಕ್ಕಳು ಕೈಚಾಚಿ ಕೂತರು. ಹುಳಿಗೆ ಏನೇನು ಹಾಕಿದ್ದೆ ಎನ್ನುತ್ತೀರಿ? ಎಳೆ ಬದನೆ, ಹೀರೇಕಾಯಿ, ನುಗ್ಗೆ, ಒಂದು ಹಿಡಿ ದಂಟಿನ ಸೊಪ್ಪು, ಎಲ್ಲವೂ ಅವತ್ತೇ ಕಿತ್ತದ್ದು. ಒಬ್ಬೊಬ್ಬರ ಅಂಗೈಗೂ ಒಂದೊಂದು ತುತ್ತು. ನಿಮ್ಮ ಮಗನೂ ಮೊದಲು ನಾಚಿಕೊಂಡು, ಆಮೇಲೆ ಬಂದು ಪದ್ದುವಿನ ಪಕ್ಕ ಕೈಚಾಚಿದರು. "ಅಮ್ಮ ಹಾಕ್ತಿದ್ದ ತುತ್ತು ಇದಕ್ಕಿಂತ ದೊಡ್ಡದು" ಎಂದರು. "ಹಾಗಾದ್ರೆ ಕಾಶಿಗೆ ಹೋಗಿ ತಿಂದ್ಕೊಂಡ್ ಬನ್ನಿ" ಎಂದೆ. ಮಕ್ಕಳು ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡರು. ನೀವಿಬ್ಬರೂ ಇದ್ದಿದ್ದರೆ ಎನ್ನಿಸಿತು. ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ.

ಗಯೆಯಲ್ಲಿ ಆಲದ ಮರದ ಬುಡದಲ್ಲಿ ಒಂದು ತರಕಾರಿ, ಒಂದು ಹಣ್ಣು ಬಿಟ್ಟು ಬರಬೇಕಲ್ಲ, ಏನು ಬಿಡುವುದೆಂದು ಯೋಚಿಸಿದ್ದೀರಾ? ಪ್ರಾಣಕ್ಕಿಂತ ಇಷ್ಟವಾದದ್ದನ್ನು ಬಿಡಬೇಕು, ಆಮೇಲೆ ಜನ್ಮವಿಡೀ ಮುಟ್ಟಬಾರದು ಎಂದು ಶಾಸ್ತ್ರ. ಗುರುಬಸಮ್ಮನವರು ನಗುತ್ತಾರೆ. "ನಾನು ನೋಡಿದೋರೆಲ್ಲ ಹಾಗಲಕಾಯಿ ಬಿಟ್ಟು ಬಂದೋರೇ ಕಣ್ರೀ. ದೇವರಿಗೂ ಟೋಪಿ, ನಾಲಿಗೆಗೂ ಖುಷಿ" ಎನ್ನುತ್ತಾರೆ. ನಮ್ಮ ಅತ್ತೆ ಅಂಥವರಲ್ಲ ಎಂದು ಜಂಬದಿಂದ ಹೇಳಿದ್ದೇನೆ.

ಈಗ ಧೈರ್ಯ ಮಾಡಿ ಒಂದು ಕೇಳುತ್ತೇನೆ. ಮಾವನವರೇ, ದಯವಿಟ್ಟು ಇದಕ್ಕೆ ಸಾರಾಂಶ ಮಾಡಬೇಡಿ, ಪೂರ್ತಿ ಓದಿ. ಅತ್ತೆ, ನಾನು ಈ ಮನೆಗೆ ಬಂದಾಗ ಹದಿನೈದು ವರ್ಷ. ಈಳಿಗೆಮಣೆಯ ಮುಂದೆ ಕೂತೆ, ನೀವು ಕೊಟ್ಟದ್ದನ್ನು ಹೆಚ್ಚಿದೆ. ಅದರಲ್ಲಿ ನನಗೆ ದುಃಖವಿರಲಿಲ್ಲ. ಆದರೆ ಈ ಬೇಸಿಗೆಯಲ್ಲಿ ನನ್ನ ಮಕ್ಕಳಿಗೆ ಏನು ಬೇಕೆಂದು ನಾನು ಯೋಚಿಸಿ, ನಾನು ಆರಿಸಿ, ನಾನು ಬಡಿಸಿದೆ. ನೀವು ಬಂದ ಮೇಲೆ ಅದೆಲ್ಲ ಮುಗಿಯುತ್ತದೆಂದು ನೆನೆದಾಗ ಹೆಚ್ಚುವುದನ್ನು ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಒಲೆಯೆಲ್ಲ ನನಗೇ ಬೇಕೆಂದು ಕೇಳುತ್ತಿಲ್ಲ. ವಾರಕ್ಕೆ ಒಂದು ದಿನ ನನಗೆ ಬಿಡಿ. ಆ ದಿನ ಇವತ್ತೇನು ಅಡುಗೆ ಎಂದು ನಾನು ಹೇಳುತ್ತೇನೆ. ಇಷ್ಟೇ ನನ್ನ ಬೇಡಿಕೆ.

ಉತ್ತರಕ್ಕೆ ಕಾಯುತ್ತೇನೆ.

ನಿಮ್ಮ
ಸುಂದರಮ್ಮ

•

(ಕಾರ್ಡು)

ಗಯಾ
೧೫-೫-೧೯೫೦

ಚಿ. ಸೌ. ಸುಂದರಮ್ಮನಿಗೆ ಆಶೀರ್ವಾದಗಳು. ನಿನ್ನ ೪ನೇ ತಾರೀಖಿನ ಪತ್ರವನ್ನು ಪೂರ್ತಿಯಾಗಿ ಓದಿ ಹೇಳಿದೆ. ಪಿತೃಕಾರ್ಯವು ಸಾಂಗವಾಗಿ ನೆರವೇರಿತು. ಇಲ್ಲಿನ ಬಿಸಿಲು ಕಾಶಿಯನ್ನು ಮೀರಿಸಿದೆ. ತಂಡದಲ್ಲಿ ಇಬ್ಬರಿಗೆ ಜ್ವರ, ನಮಗೆ ಏನೂ ಇಲ್ಲ. ವಟವೃಕ್ಷದ ಬಳಿ ನಾನು ಬೇಲದ ಹಣ್ಣನ್ನೂ ನಿನ್ನ ಅತ್ತೆ ಹಾಗಲಕಾಯಿಯನ್ನೂ ಬಿಟ್ಟೆವು. ಅವಳು ಇನ್ನೂ ಏನೇನೋ ಬರೆಯಲು ಹೇಳುತ್ತಿದ್ದಾಳೆ, ಕಾರ್ಡಿನಲ್ಲಿ ಸ್ಥಳವಿಲ್ಲ. ಸೂರಪ್ಪ

•

ಬಸವನಗುಡಿ
೨೧-೫-೧೯೫೦

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಕಾರ್ಡು ಬಂತು. ನಾವೆಲ್ಲ ಕ್ಷೇಮ.

ಕಾರ್ಡು ಬಂದಾಗ ಗುರುಬಸಮ್ಮನವರು ಇಲ್ಲೇ ಇದ್ದರು. ಮಾವನವರು ಜನ್ಮದಲ್ಲಿ ಬೇಲದ ಹಣ್ಣು ಮುಟ್ಟಿದವರಲ್ಲ, ರಾಮನವಮಿಯ ಪಾನಕದಲ್ಲಿ ಅದರ ವಾಸನೆ ಬಂದರೂ ಮುಖ ಸಿಂಡರಿಸುವವರು ಎಂದು ಬೀದಿಗೆಲ್ಲ ಗೊತ್ತು. "ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ! ಗಂಡ ಬೇಲ ಬಿಟ್ರು, ಹೆಂಡ್ತಿ ಹಾಗಲ ಬಿಟ್ರು" ಎಂದು ಅವರು ನಕ್ಕರು. ನಿಮ್ಮ ಮಗನೂ ನಕ್ಕರು. ನಾನೂ ಅವರೆದುರಿಗೆ ನಕ್ಕೆ.

ಆಮೇಲೆ ನಗು ಬರಲಿಲ್ಲ. ನಾನು ಒಂದು ದಿನ ಕೇಳಿದೆ. ಅದಕ್ಕೆ ಉತ್ತರವಿಲ್ಲ. ಬದಲಿಗೆ ನನ್ನ ಕೈಯಿಂದ ನೀವು ಹದಿನೇಳು ವರ್ಷ ಸಹಿಸಿಕೊಂಡು ತಿಂದ ಒಂದೇ ಒಂದು ಪದಾರ್ಥವನ್ನು ಗಯೆಯಲ್ಲಿ ಬಿಟ್ಟು ಕೈ ತೊಳೆದುಕೊಂಡಿರಿ. ಬೇರೆ ತರಕಾರಿ ಇರಲಿಲ್ಲವೇ ಅತ್ತೆ? ಸೇರುತ್ತಿರಲಿಲ್ಲವಾದರೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ನಾನು ಮಾಡುತ್ತಲೇ ಇರಲಿಲ್ಲ. ಅಷ್ಟು ದೂರ ಹೋಗಿ ದೇವರೆದುರಿಗೆ ಹೇಳಬೇಕಾಗಿರಲಿಲ್ಲ.

ಹಿತ್ತಲಿನ ಚಪ್ಪರವನ್ನು ನಿನ್ನೆ ಕಿತ್ತೆ. ಬಳ್ಳಿಯನ್ನು ಬುಡಸಮೇತ ಎಳೆದು ಹಾಕಿದೆ. ವಿಶಾಲು ಅತ್ತಳು. ಇನ್ನು ಆ ತರಕಾರಿ ಈ ಮನೆಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನೀವು ಬರುವ ಹೊತ್ತಿಗೆ ಡಬ್ಬಿಗಳು, ಜಾಡಿಗಳು, ಒಲೆ ಎಲ್ಲವನ್ನೂ ಮೊದಲಿನ ಜಾಗದಲ್ಲಿ ಇಟ್ಟಿರುತ್ತೇನೆ. ಯಥಾಪ್ರಕಾರ.

ಸುಂದರಮ್ಮ

•

ಕಾಶಿ
ಭಾನುವಾರ, ೨೮-೫-೧೯೫೦

ಸುಂದರೀ,

ಇದು ನಾನೇ ಬರೀತಿರೋದು. ನಿನ್ನ ಮಾವ ಅಲ್ಲ. ಅಪ್ಪನ ಮನೇಲಿ ಮರಳಿನ ಮೇಲೆ ಕಲಿತ ಅಕ್ಷರ, ಮದುವೆಯಾದ ಮೇಲೆ ಕೈಯಲ್ಲಿ ಬಳಪ ಹಿಡಿದಿಲ್ಲ. ಬೆಳಿಗ್ಗೆಯಿಂದ ಕೂತಿದೀನಿ. ಓದೋಕೆ ಆಗದಿದ್ರೆ ವಿಶಾಲು ಹತ್ರ ಕೊಡಬೇಡ, ನೀನೇ ಕಷ್ಟಪಟ್ಟು ಓದು.

ನಿನ್ನ ಕಾಗದ ಓದಿ ಹೇಳ್ತಾ ನಿನ್ನ ಮಾವನ ಧ್ವನಿ ಸಣ್ಣಗಾಯ್ತು. ಚಪ್ಪರ ಕಿತ್ತೆ ಅನ್ನೋ ಕಡೆ ನಿಲ್ಲಿಸಿಬಿಟ್ರು. ಕಾರ್ಡಲ್ಲಿ ಏನು ಬರೆದಿರಿ ಅಂತ ಕೇಳಿದೆ. ಹೇಳಿದ್ರು. ಅಷ್ಟೇನಾ ಅಂದೆ. ಜಾಗ ಇರಲಿಲ್ಲ ಅಂದ್ರು. ಬಿಸಿಲು ಬರೆಯೋಕೆ ಜಾಗ ಇತ್ತು, ಜ್ವರ ಬರೆಯೋಕೆ ಜಾಗ ಇತ್ತು! ನಲವತ್ತಾರು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಕಡಿಮೆ. ನಿನ್ನೆ ಛತ್ರದವರೆಲ್ಲ ಕೇಳೋ ಹಾಗೆ ಮಾತಾಡಿದೆ.

ಗಯೆಯಲ್ಲಿ ನಡೆದದ್ದು ಹೇಳ್ತೀನಿ. ಮರದ ಕೆಳಗೆ ನಮ್ಮ ಕಡೆ ಮಾತು ಬರೋ ಪುರೋಹಿತ ಒಬ್ಬ ಇದ್ದ. ಏನು ಬಿಡ್ತೀರಮ್ಮ ಅಂದ. ಹಾಗಲಕಾಯಿ ಅಂದೆ. ಅವನು ನಕ್ಕ. "ಎಲ್ಲರೂ ಅದನ್ನೇ ಬಿಡ್ತಾರೆ ತಾಯಿ. ಇಷ್ಟವಾದ್ದನ್ನ ಬಿಡಬೇಕು. ನಾಲಿಗೆಗೆ ಪ್ರಾಣವಾದ್ದು ಯಾವುದು ಹೇಳಿ" ಅಂದ. ನನಗೆ ರೇಗಿಹೋಯ್ತು. "ಅದೇ ಕಣಯ್ಯ ನನಗೆ ಪ್ರಾಣ. ನನ್ನ ಸೊಸೆ ಮಾಡೋ ಗೊಜ್ಜು ನೀನು ತಿಂದಿದ್ರೆ ಹೀಗೆ ನಗ್ತಿರಲಿಲ್ಲ. ಅದನ್ನ ಬಿಟ್ರೆ ಬಿಡೋವಂಥದ್ದು ನನ್ನ ಹತ್ರ ಬೇರೆ ಏನೂ ಇಲ್ಲ" ಅಂದೆ. ಜೋರಾಗಿ ಅಂದ್ಬಿಟ್ಟೆ. ಎಲ್ಲರೂ ತಿರುಗಿ ನೋಡಿದ್ರು. ನಿನ್ನ ಮಾವನಿಗೆ ಅವಮಾನವಾಯ್ತು. ಆಮೇಲೆ ಅವರು ಬೇಲದ ಹಣ್ಣು ಅಂದ್ರು. ನೋಡು ಅವರ ಭಕ್ತಿ.

ಬೆಲ್ಲ ಜಾಸ್ತಿ ಅಂತಿದ್ನಲ್ಲ. ನಿಜ ಹೇಳ್ಲಾ? ಬೆಲ್ಲ ಯಾವತ್ತೂ ಜಾಸ್ತಿ ಇರಲಿಲ್ಲ. ಹಾಗಂದ್ರೆ ಮಕ್ಕಳಿಗೆ ಹಾಕಲ್ಲ, ನಿನ್ನ ಗಂಡನಿಗೆ ಹಾಕಲ್ಲ, ಪಾತ್ರೆ ನನ್ನ ಕಡೆ ಬರತ್ತೆ. ಮನೆ ಯಜಮಾನಿ ಬಾಯಿಬಿಟ್ಟು ಇನ್ನೊಂದಿಷ್ಟು ಹಾಕು ಅಂತ ಸೊಸೆಯನ್ನ ಕೇಳೋದು ಹೇಗೆ? ದಂಡ ಆಗಬಾರದು ಅಂತ ತಿಂತಾಳೆ ಪಾಪ ಅಂತ ನೀನು ಬರೆದಿದ್ದೆ. ನಿನ್ನ ಮಾವ ಅದನ್ನ ಓದುವಾಗ ನಾನು ಗೋಡೆ ಕಡೆ ತಿರುಗಿ ಕೂತಿದ್ದೆ, ನಾಚಿಕೆಯಾಗಿ.

ಇನ್ನೊಂದು ಹೇಳಬೇಕು. ಬದರಿ ಎರಡು ಸಲ ಹಾಕಿಸಿಕೊಂಡ ಅನ್ನೋ ಕಾಗದ ಬಂದ ದಿನ ನನಗೆ ಹೊಟ್ಟೆ ಉರೀತು. ಹತ್ತು ವರ್ಷ ನನ್ನ ಕೈಯಲ್ಲಿ ತರಕಾರಿ ತಿನ್ನದ ಹುಡುಗ. ನಾನಿಲ್ಲದೆ ಮನೆ ಚೆನ್ನಾಗಿ ನಡೀತಿದೆ, ನನಗಿಂತ ಚೆನ್ನಾಗೇ ನಡೀತಿದೆ ಅನ್ನಿಸಿ ಆ ಗಡುಸು ಮಾತು ಬರೆಸಿದೆ. ಯಥಾಪ್ರಕಾರ ಅನ್ನೋದು ನಿನ್ನ ಮಾವನ ಪದ, ಆದ್ರೆ ಮನಸ್ಸು ನನ್ನದೇ. ಆಮೇಲೆ ನಿನ್ನ ಬೆಳದಿಂಗಳ ಊಟದ ಕಾಗದ ಬಂತು. ಅವತ್ತು ಘಾಟಿನ ಮೆಟ್ಟಿಲ ಮೇಲೆ ಕೂತು ತುಂಬಾ ಹೊತ್ತು ಯೋಚನೆ ಮಾಡಿದೆ. ನನ್ನ ಮಗ ಕೈಚಾಚಿ ಕೂತದ್ದು ಕಣ್ಣಿಗೆ ಕಟ್ಟಿತು.

ಮರದ ಕೆಳಗೆ ನಾನು ಬಾಯಲ್ಲಿ ಹೇಳಿ ಬಿಟ್ಟದ್ದು ಹಾಗಲಕಾಯಿ. ಮನಸ್ಸಲ್ಲೇ ಇನ್ನೊಂದು ಬಿಟ್ಟೆ. ಅದು ಪುರೋಹಿತನಿಗೂ ಗೊತ್ತಿಲ್ಲ, ನಿನ್ನ ಮಾವನಿಗೂ ಗೊತ್ತಿಲ್ಲ. ಬೆಳಿಗ್ಗೆ ಬುಟ್ಟಿ ಮುಂದೆ ಕೂತು ಇವತ್ತು ಇದು ಅಡಿಗೆ ಅಂತ ಹೇಳೋದು. ಅದು ನನಗೆ ಹಾಗಲಕಾಯಿಗಿಂತ ಇಷ್ಟ ಕಣೇ. ಬಿಡೋವಾಗ ಕಣ್ಣಲ್ಲಿ ನೀರು ಬಂತು. ನೀನು ಒಂದು ದಿನ ಕೇಳಿದ್ದೆ. ಗಯೆಯಲ್ಲಿ ಅರ್ಧ ಬಿಡೋ ಪದ್ಧತಿ ಇಲ್ಲ. ಏಳು ದಿನಾನೂ ನಿನ್ನದೇ. ಇನ್ನು ಮೇಲೆ ಬೆಳಿಗ್ಗೆ ಎದ್ದು ನಾನು ನಿನ್ನನ್ನ ಕೇಳ್ತೀನಿ. ಹೇಳಿದ್ದನ್ನ ಹೆಚ್ಚಿಕೊಡ್ತೀನಿ. ಈಳಿಗೆಮಣೆ ಹದವಾಗಿ ಮಸೆಸಿಡು. ಈ ವಾರ ಇಲ್ಲಿಂದ ಹೊರಟು ಮದರಾಸಲ್ಲಿ ನಿನ್ನ ಚಿಕ್ಕತ್ತೆ ಮನೇಲಿ ನಾಲ್ಕು ದಿನ ಇದ್ದು ಬರ್ತೀವಿ, ಉತ್ತರ ಅಲ್ಲಿಗೇ ಬರಿ.

ಚಪ್ಪರ ಕಿತ್ತೆ ಅಂದದ್ದಕ್ಕೆ ಮಾತ್ರ ಅಳು ಬಂತು. ತಿನ್ನೋ ಹಾಗಿಲ್ಲ, ನೋಡೋಕಾದ್ರೂ ಇರತ್ತೆ ಅಂದುಕೊಂಡಿದ್ದೆ.

ಪುಟ್ಟಲಕ್ಷ್ಮಮ್ಮ

•

ಬಸವನಗುಡಿ
೩-೬-೧೯೫೦

(ಮದರಾಸಿನಲ್ಲಿ ಚಿಕ್ಕತ್ತೆಯವರ ಮನೆಯ ವಿಳಾಸಕ್ಕೆ)

ಅತ್ತೆ,

ನಿಮ್ಮ ಕಾಗದವನ್ನು ದೇವರಮನೆಯ ಬಾಗಿಲಲ್ಲಿ ಕೂತು ಓದಿದೆ. ಕಷ್ಟಪಟ್ಟೇ ಓದಿದೆ. ಅಕ್ಷರ ಕೊಂಕಾಗಿದ್ದವು, ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣು ಸರಿಯಾಗಿರಲಿಲ್ಲ. ಒಲೆಯ ಮೇಲೆ ಹುಳಿ ಸೀದುಹೋಯಿತು. ಎರಡು ತಿಂಗಳಲ್ಲಿ ಮೊದಲ ಸಲ. ಅವತ್ತು ಎಲ್ಲರೂ ಮೊಸರನ್ನ ತಿಂದರು.

ನಾನು ಬರೆದದ್ದನ್ನು ಮದರಾಸಿನ ಸಮುದ್ರದಲ್ಲಿ ಬಿಟ್ಟುಬಿಡಿ. ಮಾವನವರಿಗೆ ನನ್ನ ಕ್ಷಮೆ ಹೇಳಿ. ಅವರೂ ಮುಂದೆ ಕಾರ್ಡಿನ ಬದಲು ಕವರು ಕೊಂಡರೆ ಮನೆಗೆ ಕ್ಷೇಮ.

ಬಳ್ಳಿ ಕಿತ್ತದ್ದು ಕಿತ್ತಾಯಿತು. ಆದರೆ ಅಡುಗೆಮನೆಯ ಗೂಟಕ್ಕೆ ಕಟ್ಟಿದ್ದ ಬೀಜದ ಗಂಟನ್ನು ಎಸೆಯಲು ಅವತ್ತು ಕೈ ಬಂದಿರಲಿಲ್ಲ. ನಿನ್ನೆ ಸಂಜೆ ಅದನ್ನು ಬಿಚ್ಚಿ, ಮಕ್ಕಳನ್ನು ಕೂರಿಸಿಕೊಂಡು ಹಿತ್ತಲಲ್ಲಿ ಊರಿದೆ. ನೀವು ಬರುವಾಗ ಎರಡೆಲೆ ಒಡೆದಿರಬಹುದು. ಕಾಯಿ ನೋಡಲು ಶ್ರಾವಣದವರೆಗೆ ಕಾಯಬೇಕು. ದಿನಾ ನೀರು ಹಾಕುವ ಕೆಲಸ ನಿಮ್ಮದು.

ಗುರುಬಸಮ್ಮನವರಿಗೆ ನಿಜ ಹೇಳಿದೆ. ಅವರು ಬಾಯಿಗೆ ಸೆರಗು ಹಿಡಿದುಕೊಂಡು ನಿಂತರು, ನಗಲಿಲ್ಲ.

ನೀವು ಇಳಿಯುವ ದಿನ ಬದರಿಯ ಸರದಿ. ಅದಕ್ಕೆ ಮಾತ್ರ ಏನೂ ಅನ್ನಬೇಡಿ. ಉಳಿದ ದಿನ ಬೆಳಿಗ್ಗೆ ನೀವು ಕೇಳಿ, ನಾನು ಹೇಳುತ್ತೇನೆ. ಆದರೆ ಬುಟ್ಟಿಯ ಮುಂದೆ ಪಕ್ಕದಲ್ಲೇ ಕೂತಿರಿ. ಬೆಂಡೆಕಾಯಿ ಬಲಿತಿದೆಯೇ ಎಂದು ತೋರಿಸಲು ನನಗೆ ಇನ್ನೊಬ್ಬರು ಬೇಕು.

ಶ್ರಾವಣದಲ್ಲಿ ಮೊದಲ ಕಾಯಿ ಬಿಟ್ಟಾಗ ಗೊಜ್ಜು ಮಾಡುತ್ತೇನೆ. ಮೊದಲಿನ ಹಾಗೆಯೇ ಬೆಲ್ಲ ಹಾಕುತ್ತೇನೆ. ನೀವು ತಿನ್ನುವ ಹಾಗಿಲ್ಲ, ಗೊತ್ತು. ಆದರೆ ಎದುರಿಗೆ ಮಣೆ ಹಾಕಿಕೊಂಡು ಕೂತು, ಮಕ್ಕಳು ತಿನ್ನುವುದನ್ನು ನೋಡಿ, ಬೆಲ್ಲ ಒಂದು ಚೂರು ಜಾಸ್ತಿ ಆಯ್ತು ಎಂದು ಹೇಳಬೇಕು. ಆ ಮಾತನ್ನು ಗಯೆಯಲ್ಲಿ ಬಿಟ್ಟು ಬಂದಿಲ್ಲ ತಾನೇ?

ನಿಮ್ಮ
ಸುಂದರಿ